ಮೊದಲ ದಿನದ ಪ್ರತಿ

ಧಾರವಾಡದ ಸ್ಮೃತಿ ಕೇಂದ್ರದಲ್ಲಿ ಬೆಳಗಿನ ಹೊತ್ತು ಫೋನಿಗೆ ಪುರಸೊತ್ತೇ ಇರುತ್ತಿರಲಿಲ್ಲ. ಊರವರಿಗೆ ಬೆಳಗೆಂದರೆ ಚಹಾ, ಪೇಪರು, ನಳದ ನೀರು. ಗುರುಪಾದ ಹಳ್ಯಾಳನಿಗೆ ಮಾತ್ರ ಬೆಳಗೆಂದರೆ ಸರಿಯಾಗಿ ಏಳದೆ ಉಳಿದ ಜನ. ಏಳದವರೆಂದರೆ ಕಣ್ಣು ಬಿಡದವರಲ್ಲ. ಕಣ್ಣು ಬಿಟ್ಟು, ಎದ್ದು ಕೂತು, ಎದುರಿಗೆ ನಿಂತ ಸ್ವಂತ ಹೆಂಡತಿಯನ್ನು ನೋಡಿ ತಾವು ಯಾರ ಪೈಕಿ ಎಂದು ವಿನಯದಿಂದ ಕೇಳುವವರು. ಅಂಥವರ ಮನೆಯವರು ಗಾಬರಿಯಲ್ಲಿ ಫೋನು ಮಾಡುತ್ತಿದ್ದರು, ಗುರುಪಾದ ಗಾಬರಿಯಾಗದೆ ಉತ್ತರ ಕೊಡುತ್ತಿದ್ದ. ಅವನಿಗೆ ಸಂಬಳ ಕೊಡುತ್ತಿದ್ದದ್ದೇ ಗಾಬರಿಯಾಗದೆ ಇರುವುದಕ್ಕೆ.

ಇದೆಲ್ಲ ಆ ಮಿದುಳು ಜ್ವರದ ಫಲ. ಜ್ವರ ಬಂದವರಲ್ಲಿ ಸತ್ತವರು ಕಡಿಮೆ. ಬದುಕಿದವರ ತಲೆಯೊಳಗೆ ಹೊಸ ನೆನಪನ್ನು ಹಿಡಿದಿಡುವ ಜಾಗವೊಂದನ್ನು ಮಾತ್ರ ಅದು ಸುಟ್ಟು ಹೋಗಿತ್ತು. ಜ್ವರಕ್ಕೆ ಮುಂಚಿನದೆಲ್ಲ ನೆನಪಿದೆ, ಈಗ ಉಂಡ ರೊಟ್ಟಿ ನೆನಪಿಲ್ಲ. ಅಂಥವರಿಗಾಗಿ ಕೇಂದ್ರದವರು ಒಂದು ಡಬ್ಬಿ ಮಾಡಿದರು. ಕೊರಳಲ್ಲಿ ಕಟ್ಟಿಕೊಳ್ಳುವ ಲಿಂಗದ ಕರಡಿಗೆಯಷ್ಟೇ ಗಾತ್ರವಿದ್ದುದರಿಂದ ಜನ ಅದನ್ನು ನೆನಪಿನ ಕರಡಿಗೆ ಎಂದೇ ಕರೆದರು. ಅದರೊಳಗೆ ನಾಣ್ಯದಷ್ಟು ಅಗಲದ ಡಿಸ್ಕೊಂದು ತಿರುಗುತ್ತದೆ. ಡಬ್ಬಿಯಿಂದ ಹೊರಟ ಸಣ್ಣ ವೈರು ಕಿವಿಯ ಹಿಂದಿನ ಸಾಕೆಟ್ಟಿಗೆ ಸೇರುತ್ತದೆ. ದಿನದಲ್ಲಿ ಕಂಡದ್ದು ಕೇಳಿದ್ದೆಲ್ಲ ಡಿಸ್ಕಿನ ಮೇಲೆ ಬರೆಯುತ್ತಾ ಹೋಗುತ್ತದೆ. ಮೊದಲು ಡಿಸ್ಕಿನ ಬದಲು ಕಂಪ್ಯೂಟರ್ ಚಿಪ್ಪಿನಲ್ಲಿ ಬರೆದು ನೋಡಿದ್ದರು, ಹೊಸ ಬರಹ ಕೆಲವೇ ತಿಂಗಳಲ್ಲಿ ಮಸುಕಾಗುತ್ತಿತ್ತು. ಮನುಷ್ಯ ಮಲಗಿದಾಗ ಡಿಸ್ಕ್ ನಿಲ್ಲುತ್ತದೆ, ಎದ್ದಾಗ ಮತ್ತೆ ಶುರುವಾಗುತ್ತದೆ. ಒಂದು ನಿಮಿಷ ಪಿಳಿಪಿಳಿ ನೋಡುತ್ತಾ ಕೂತಿದ್ದರೆ ನಿನ್ನೆಯೂ ಮೊನ್ನೆಯೂ ವಾಪಸು ಬರುತ್ತವೆ.

ಒಮ್ಮೊಮ್ಮೆ ಬರುವುದಿಲ್ಲ. ಆಗ ಡಬ್ಬಿಯ ಮೇಲಿನ ಚಿಕ್ಕ ಪರದೆಯಲ್ಲಿ 'ಡಿಸ್ಕ್ ಸಿಗುತ್ತಿಲ್ಲ, ಸಂಪರ್ಕ ಪರೀಕ್ಷಿಸಿ' ಎಂದು ಮೂಡುತ್ತದೆ. ಪಾಪ, ಮನುಷ್ಯ ಖಾಲಿ ತಲೆಯಲ್ಲಿ ಏಳಬಾರದೆಂದು ಸಾಕೆಟ್ಟಿನೊಳಗೇ ಒಂದು ಚಿಕ್ಕ ಪ್ರತಿ ಇಟ್ಟಿರುತ್ತಾರೆ. ಡಬ್ಬಿ ಹಚ್ಚಿದ ದಿನ ಪರೀಕ್ಷೆಗೆಂದು ತೆಗೆದು, ಅಳಿಸಲಾಗದಂತೆ ಅಚ್ಚೊತ್ತಿದ ಪ್ರತಿ ಅದು. ಡಿಸ್ಕ್ ಸಿಗದಿದ್ದರೆ ಯಂತ್ರ ಅದನ್ನು ಓದುತ್ತದೆ, ಮನುಷ್ಯ ಮೊದಲ ದಿನದಲ್ಲಿ ಎದ್ದು ಕೂರುತ್ತಾನೆ.

ಇಂಥ ಫೋನು ಬಂದರೆ ಗುರುಪಾದ ಹೇಳುತ್ತಿದ್ದದ್ದು ಇಷ್ಟೇ. ಅವರನ್ನು ಮಲಗಿಸಿ ನಿದ್ದೆ ಹತ್ತಲು ಬಿಡಿ, ವೈರು ಬಿಚ್ಚಿ, ಒಣ ಹತ್ತಿಯಿಂದ ಒರೆಸಿ, ಟಕ್ ಅನ್ನುವ ತನಕ ಒತ್ತಿ ಕೂರಿಸಿ, ಎಬ್ಬಿಸಿ. ಬಹುತೇಕ ಅಷ್ಟಕ್ಕೇ ಸರಿಹೋಗುತ್ತಿತ್ತು. ಬೆವರು, ಧೂಳು, ಮೊಮ್ಮಕ್ಕಳು ಎಳೆದ ವೈರು, ಇವೇ ಕಾರಣ. ಆದರೆ ಎಬ್ಬಿಸುವುದು ಒಂದೇ ಸಲ. ಆಗಲೂ ಡಿಸ್ಕ್ ಸಿಗದಿದ್ದರೆ ಕೈ ಹಚ್ಚದೆ ಕೇಂದ್ರಕ್ಕೆ ಕರೆತರಬೇಕು. ಡಿಸ್ಕೇ ಕೆಟ್ಟಿದ್ದರೆ, ಎಬ್ಬಿಸಿದಷ್ಟು ಸಲ ಅದನ್ನು ಓದುವ ಮುಳ್ಳು ಬರಹದ ಮೇಲೆ ಗೀರುತ್ತಾ ಹೋಗುತ್ತದೆ, ಸಾಕೆಟ್ಟಿನ ನರಗಳಿಗೂ ಏಟು. ಎರಡನೇ ಸಲ ಎಬ್ಬಿಸಿ ಬಂದವರಿಗೆ ಗುರುಪಾದ ಚೆನ್ನಾಗಿ ಬೈಯುತ್ತಿದ್ದ. ಬಿಚ್ಚಿ ಹಚ್ಚಿ ಮಾಡಲು ಇಸ್ತ್ರಿಪೆಟ್ಟಿಗೆಯೆಂದು ತಿಳಿದಿರಾ ಎಂದು ಕೇಳಿ ಒಬ್ಬ ಹಿರಿಯರು ಅಳುವಂತೆ ಮಾಡಿದ್ದೂ ಉಂಟು.

ಅವನ ಹೆಂಡತಿ ಶಿವಲೀಲಾಳೂ ಡಬ್ಬಿಯವಳೇ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು, ಜ್ವರದ ನಂತರ ಯಾರಿಗೆ ಟಿಕೆಟ್ ಕೊಟ್ಟೆ, ಯಾರಿಗೆ ಇಲ್ಲ ಎಂಬುದೇ ಉಳಿಯದೆ ಕೆಲಸ ಬಿಟ್ಟು, ಅಪ್ಪನ ಜೊತೆ ಕೇಂದ್ರಕ್ಕೆ ಬಂದಿದ್ದಳು. ಡಬ್ಬಿ ಹಚ್ಚಿದವನು ಗುರುಪಾದನೇ. ತಿಂಗಳಿಗೊಮ್ಮೆ ತಪಾಸಣೆಗೆ ಬರುವಳು. ಡಬ್ಬಿಯಲ್ಲಿ ಏನೂ ದೋಷವಿಲ್ಲವೆಂದರೂ ಬೆಂಚಿನ ಮೇಲೆ ಕೂತು ಬಸ್ಸಿನ ಕಥೆ ಹೇಳುವಳು, ಇವನು ಇನ್ನೊಂದು ಪರೀಕ್ಷೆ ಬಾಕಿ ಇದೆ ಎಂದು ಸುಳ್ಳು ಹೇಳಿ ಕೂರಿಸಿಕೊಳ್ಳುವನು. ಹಾಗೇ ಮದುವೆಯೂ ಆಯಿತು. ಅಷ್ಟು ಮಾತಾಡುವ ಹೆಂಗಸನ್ನು ಅವನು ಹಿಂದೆ ಕಂಡಿರಲಿಲ್ಲ, ಅಷ್ಟು ಸುಖವನ್ನೂ ಕಂಡಿರಲಿಲ್ಲ.

ವರ್ಷಕ್ಕೊಮ್ಮೆ ಡಿಸ್ಕಿನ ಪೂರ್ತಿ ಪ್ರತಿ ತೆಗೆದು ಕೇಂದ್ರದ ಕಪಾಟಿನಲ್ಲಿ ಇಡಬೇಕೆಂಬ ನಿಯಮವಿತ್ತು. ಪ್ರತಿ ಸರಿಯಾಗಿ ಬಂದಿದೆಯೇ ಎಂದು ಅಲ್ಲಿಯವರು ಯಾರಾದರೂ ಅಲ್ಲಲ್ಲಿ ತೆರೆದು ನೋಡಲೇಬೇಕು. ಮದುವೆಗೆ ಮುಂಚೆ ಅವಳು ಅದೂ ಇದೂ ನೆವ ಹೇಳಿ ತಪ್ಪಿಸಿಕೊಂಡಳು. ಮದುವೆಯಾದ ಮೇಲೆ ನೇರವಾಗಿಯೇ ಹೇಳಿಬಿಟ್ಟಳು.

"ನಮ್ಮ ಸಂಸಾರ ನಿಮ್ಮ ಆಫೀಸಿನ ಕಪಾಟಿನಾಗ ಇಡಬ್ಯಾಡ್ರಿ. ನಾಳೆ ನಿಮ್ಮ ಗೆಳೆಯಾರ ಮುಂದ ನಾ ಹೆಂಗ ತಲಿ ಎತ್ಲಿ?"

ಗುರುಪಾದನಿಗೆ ಅದು ಎಷ್ಟು ಹಿತವಾಯಿತೆಂದರೆ ವಾದಿಸುವ ಗೋಜಿಗೇ ಹೋಗಲಿಲ್ಲ. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ವತ್ಸಲಾ ಗಲಗಲಿ ಕೇಳಿದಾಗಲೆಲ್ಲ ಮುಂದಿನ ತಿಂಗಳು ಎನ್ನುತ್ತಿದ್ದ. ಬೇರೆಯವರ ಮನೆಯ ಗಂಡಂದಿರು ಹೀಗೆ ಮಾಡಿದ್ದರೆ ಅವನೇ ಅವರ ಗ್ರಹಚಾರ ಬಿಡಿಸುತ್ತಿದ್ದ.

ಹೆಣ್ಣು ಕೂಸು ಹುಟ್ಟಿತು. ಶಿವಲೀಲಾ ಬಾಣಂತನಕ್ಕೆ ಧಾರವಾಡದಲ್ಲೇ ಇದ್ದ ಕಾಮನಕಟ್ಟಿ ಓಣಿಯ ತವರಿನಲ್ಲಿದ್ದಳು. ಅಪ್ಪ ಮೂರು ವರ್ಷದ ಹಿಂದೆ ತೀರಿಕೊಂಡಿದ್ದ, ಮನೆಯಲ್ಲಿ ತಾಯಿ ಬಸಲಿಂಗವ್ವ ಒಬ್ಬಳೇ. ಬಾಣಂತನ ಮಾಡುವುದರಲ್ಲಿ ಆಕೆ ಓಣಿಗೇ ಹೆಸರಾದವಳು. ಮೈಗೆ ಎಣ್ಣೆ ತಿಕ್ಕಿ, ಹಂಡೆಗಟ್ಟಲೆ ಸುಡುನೀರು ಹೊಯ್ದು, ತಲೆಗೆ ಲೋಬಾನದ ಹೊಗೆ ಹಿಡಿದು, ಮಲಗುವ ಹುರಿಮಂಚದ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಗಳನ್ನು ಕಾಯಿಸುತ್ತಿದ್ದಳು. ಕಿವಿಯ ಹಿಂದಿನ ಸಾಕೆಟ್ಟಿಗೆ ಎಣ್ಣೆ ತಾಗಬಾರದೆಂದು ಗುರುಪಾದ ಹತ್ತು ಸಲ ಹೇಳಿದ್ದ. ಆಕೆ ಪಾಪ, ಅರಿವೆ ಸುತ್ತಿ, ಮೇಲೆ ಹತ್ತಿ ಇಟ್ಟು, ಕಣ್ಣಿನಂತೆ ಕಾಪಾಡಿದ್ದಳು. ಆದರೆ ಮಲಗುವಾಗ ಕೊರಳಿಗೆ ಭಾರವೆಂದು, ವೈರು ತೆಗೆಯದೆ ಡಬ್ಬಿಯನ್ನಷ್ಟೇ ಬಿಚ್ಚಿ ಹೊರಸಿನ ಪಕ್ಕಕ್ಕೆ ನೇತುಹಾಕುತ್ತಿದ್ದರು. ಅದರ ನೇರ ಕೆಳಗೇ ಕೆಂಡ. ದಿನಾ ಸಂಜೆ ಅದರ ಮಗ್ಗುಲಲ್ಲೇ ಕೂತು ಕೂಸಿನ ಬೆರಳು ಹಿಡಿದು ಆಡುತ್ತಿದ್ದ ಗುರುಪಾದನಿಗೂ ಅದು ಹೊಳೆಯಲಿಲ್ಲ.

ಆ ಬೆಳಗ್ಗೆ ಅವನು ಯಾರಿಗೋ ಹತ್ತಿಯಿಂದ ಒರೆಸುವ ಕ್ರಮ ಹೇಳುತ್ತಿದ್ದಾಗ ಮೊಬೈಲಿಗೆ ಅತ್ತೆಯ ಫೋನು ಬಂತು.

"ಅಳಿಯಂದ್ರ, ಲೀಲಾ ಎದ್ದಾಳ್ರಿ. ಎದ್ದು ಕೂಸು ಯಾರದು ಅಂತ ಕೇಳಾಕತ್ಯಾಳ. ಅವ್ವಾ, ನಿನ್ನ ಕೂದಲ ಯಾವಾಗ ಬೆಳ್ಳಗಾದುವು ಅಂತಾಳ."

ಅವನು ಆಟೋ ಹಿಡಿದು ಹೋದ. ಶಿವಲೀಲಾ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಕುಪ್ಪಸ ಹಾಲಿನಿಂದ ತೊಯ್ದಿತ್ತು, ಎರಡೂ ಕೈಯಲ್ಲಿ ಸೆರಗು ಬಿಗಿಹಿಡಿದು ಅದನ್ನು ಮುಚ್ಚಿಕೊಂಡಿದ್ದಳು. ಹೊರಸಿನ ಮೇಲೆ ಕೂಸು ಅಳುತ್ತಿತ್ತು. ಅವನನ್ನು ಕಂಡ ಕೂಡಲೇ ಅವಳ ಮುಖಕ್ಕೆ ಸ್ವಲ್ಪ ಜೀವ ಬಂತು.

"ಸರ, ಚಲೋ ಆತು ನೀವು ಬಂದ್ರಿ. ಡಬ್ಬಿ ಹಚ್ಚೂದು ಮುಗೀತಲ್ರಿ? ನಮ್ಮಪ್ಪ ಎಲ್ಲೆ ಅದಾನ್ರಿ?"

ಮನೆಯಲ್ಲಿ ಅವಳು ಅವನನ್ನು ಯಾವತ್ತೂ ಸರ ಎಂದದ್ದಿಲ್ಲ. ಆದರೂ ಗಾಬರಿಯಾಗದೆ ಇರುವುದು ಅವನ ಕಸುಬು. ಸಾಕೆಟ್ಟಿನ ಅರಿವೆ ತೆಗೆದು ನೋಡಿದ. ಅಂಚಿಗೆ ತುಸು ಎಣ್ಣೆಯ ಪಸೆ, ಅದರ ಮೇಲೆ ಹೊಗೆಯ ಮಸಿ ಕೂತಿತ್ತು. ಅದನ್ನು ಕಂಡು ಅವನಿಗೆ ನಿರಾಳವಾಯಿತು. ಇಷ್ಟೇ ತಾನೇ ಅಂದುಕೊಂಡ. ದಿನಾ ನೂರು ಮನೆಯಲ್ಲಿ ಆಗುವುದು ನಮ್ಮ ಮನೆಯಲ್ಲೂ ಆಗಿದೆ. ಪರದೆಯ ಮೇಲೆ ಸಂಪರ್ಕ ಪರೀಕ್ಷಿಸಿ ಎಂದಿತ್ತು, ಅವನು ಸಂಪರ್ಕ ಪರೀಕ್ಷಿಸಿದ, ಕಣ್ಣೆದುರಿಗೇ ಮಸಿ ಕಂಡಿತು. ಕಂಡದ್ದನ್ನು ನಂಬಿದ.

ಎರಡು ಮಾತು ಸಮಾಧಾನ ಹೇಳಿ ಅವಳಿಗೆ ನಿದ್ದೆಯ ಇಂಜೆಕ್ಷನ್ ಕೊಟ್ಟ. ಹತ್ತೇ ನಿಮಿಷ ಮಲಗಿಸುವ ಔಷಧ ಅದು. ಮಸಿ ಒರೆಸಿ, ವೈರು ಕೂರಿಸಿ, ಎಬ್ಬಿಸಿದ. ಡಿಸ್ಕ್ ಸಿಗುತ್ತಿಲ್ಲ.

ಅವನು ಎದ್ದು ಆಟೋ ಕರೆಯಬೇಕಾಗಿತ್ತು. ಅದು ಅವನಿಗೆ ಗೊತ್ತಿರದ ಮಾತಲ್ಲ. ಆದರೆ ಕೂಸು ನಸುಕಿನಿಂದ ಹಾಲಿಲ್ಲದೆ ಅತ್ತು ಅತ್ತು ದನಿ ಕೀರಲಾಗಿತ್ತು. ಬಸಲಿಂಗವ್ವ ಡಬ್ಬದ ಹಾಲು ತರಿಸಿ ಕುಡಿಸಿದರೆ ಎಲ್ಲವನ್ನೂ ಕಕ್ಕಿತು. ಆಕೆ ಕೂಸನ್ನು ಮಗಳ ಹತ್ತಿರ ಒಯ್ದು, ಯವ್ವಾ ಇದು ನಿಂದ, ನಿನ್ನ ಹೊಟ್ಟ್ಯಾಗ ಹುಟ್ಟಿದ್ದು ಎಂದು ಬೇಡಿಕೊಂಡಳು. ಶಿವಲೀಲಾ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡಳು. ಸಡಿಲಾದ ಚರ್ಮ ಕೈಗೆ ತಾಗಿದ್ದೇ ಅವಳ ಕಣ್ಣುಗಳು ಗುರುಪಾದನತ್ತ ತಿರುಗಿದವು. ಅವಳಿಗೆ ಗೊತ್ತಿದ್ದದ್ದು ಇಷ್ಟೇ, ತಾನು ಮದುವೆಯಾಗದ ಹುಡುಗಿ, ಈ ಮನುಷ್ಯ ತನ್ನನ್ನು ಮೇಜಿನ ಮೇಲೆ ಮಲಗಿಸಿ ಇಂಜೆಕ್ಷನ್ ಕೊಟ್ಟಿದ್ದ.

"ನನ್ನ ಮೈಗೆ ಏನ ಮಾಡೀರಿ ನೀವು?" ಎಂದಳು.

ಆ ನೋಟವನ್ನು ಅವನು ತಡೆದುಕೊಳ್ಳಲಾರದೆ ಹೋದ. ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವಳು ಹೆದರಿದ್ದಳು, ಅವನಿಗೆ ಹೆದರಿದ್ದಳು. ಈ ಒಂದು ನೋಟ ಅಳಿಸಿಹೋಗಲಿ, ಇನ್ನೊಂದೇ ಸಲ ಎಂದು ಮಲಗಿಸಿದ. ಮಸಿ ಒಳಗೆಲ್ಲೋ ಉಳಿದಿರಬೇಕೆಂದು ಸೂಜಿಯಿಂದ ಕೆರೆದು ಎಬ್ಬಿಸಿದ. ಡಬ್ಬಿಯೊಳಗಿಂದ ಕಟ್ ಕಟ್ ಎಂದು ಸಣ್ಣ ಸದ್ದು ಬಂತು. ಆ ಸದ್ದಿನ ಅರ್ಥ ಅವನಿಗಿಂತ ಚೆನ್ನಾಗಿ ಧಾರವಾಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನು ಅದನ್ನು ಕೇಳಿಯೂ ಕೇಳದವನಂತೆ ವೈರು ಬದಲಿಸಿ ಎಬ್ಬಿಸಿದ. ಕೂಸು ಅಳುತ್ತಲೇ ಇತ್ತು. ಸೆಲ್ಲು ಬದಲಿಸಿ ಎಬ್ಬಿಸಿದ. ಪ್ರತಿ ಸಲವೂ ಅವಳು ಕಣ್ಣು ಬಿಟ್ಟು, ಸರ, ಮುಗೀತೇನ್ರಿ ಎಂದು ಕೇಳಿದಳು. ಪ್ರತಿ ಸಲವೂ ತನ್ನ ಹೊಟ್ಟೆ ಮುಟ್ಟಿಕೊಂಡಳು. ಕೊನೆಯ ಸಲ ಡಬ್ಬಿಯಿಂದ ಸದ್ದೂ ಬರಲಿಲ್ಲ. ಆಗ ಅವನು ಡಬ್ಬಿಯ ತಳ ಮುಟ್ಟಿ ನೋಡಿದ. ಇನ್ನೂ ಬಿಸಿಯಿತ್ತು. ಕಣ್ಣು ಹೊರಸಿನ ಕೆಳಗೆ, ಬೂದಿಯಾಗುತ್ತಿದ್ದ ಕೆಂಡದ ಮೇಲೆ ಹೋಯಿತು.

ಡಾಕ್ಟರ್ ಗಲಗಲಿ ಧೂಳಿಲ್ಲದ ಕೋಣೆಯಲ್ಲಿ ಡಬ್ಬಿ ಬಿಚ್ಚಿ ದೀಪದ ಕೆಳಗೆ ಹಿಡಿದರು. ಕನ್ನಡಿಯಂತಿರಬೇಕಾದ ಡಿಸ್ಕಿನ ಮೇಲೆ ಉದ್ದಕ್ಕೂ ಗೀರುಗಳು, ಮೂಲೆಯಲ್ಲಿ ಒಂದು ಚಿಟಿಕೆ ಬೂದುಬಣ್ಣದ ಪುಡಿ. ಬಸ್ಸಿನ ಕಥೆ ಹೇಳುತ್ತಾ ಕೂತ ಮಧ್ಯಾಹ್ನಗಳು, ಮದುವೆ, ಹೆರಿಗೆಯ ನೋವಿನಲ್ಲಿ ಅವಳು ಅವನಿಗೆ ಬೈದ ಬೈಗುಳ, ಕೂಸಿನ ಮುಖ ಮೊದಲು ನೋಡಿದ ಗಳಿಗೆ, ಎಲ್ಲ ಆ ಪುಡಿಯಲ್ಲಿದ್ದವು. ಆಮೇಲೆ ಡಾಕ್ಟರು ಸಾಕೆಟ್ಟಿಗೆ ಯಂತ್ರ ಹಚ್ಚಿ ಬಹಳ ಹೊತ್ತು ನೋಡಿದರು.

"ಎಷ್ಟ ಸಲ ಎಬ್ಬಿಸಿದ್ರಿ, ಗುರುಪಾದ?"

"ಎಣಿಸಿಲ್ಲ ಮೇಡಂ."

ಅವರು ಬೈಯಲಿಲ್ಲ. ಕೆಂಡದ ಕಾವಿಗೆ ಮುಳ್ಳು ಡಿಸ್ಕಿಗೆ ಅಂಟಿಕೊಂಡಿತ್ತಷ್ಟೇ ಎಂದರು. ತಣ್ಣಗಾದ ಮೇಲೆ ಇಲ್ಲಿ ತಂದು ನಿಧಾನವಾಗಿ ಬಿಡಿಸಿದ್ದರೆ ಬಹುಪಾಲು ಉಳಿಯುತ್ತಿತ್ತು. ಹೋಗಲಿ, ಹೊಸ ಡಿಸ್ಕ್ ಹಚ್ಚಿ ಇಂದಿನಿಂದ ಶುರು ಮಾಡೋಣವೆಂದರೆ ಅದಕ್ಕೂ ದಾರಿಯಿಲ್ಲ. ಮತ್ತೆ ಮತ್ತೆ ಬಿದ್ದ ಏಟಿಗೆ ಸಾಕೆಟ್ಟಿನ ನರಗಳು ಸುಟ್ಟಿದ್ದವು.

"ಬರಿಯೋ ದಾರಿ ಹೋಗೇದ. ಓದೋ ದಾರಿ ಅಷ್ಟ ಉಳದದ. ಆ ಮೊದಲನೇ ದಿನದ ಪ್ರತಿ ಒಂದ ಓದತದ, ದಿನಾ ಅದನ್ನ. ಎಚ್ಚರ ಇರೂ ತನಕ ಕಂಡದ್ದು ಸಾಕೆಟ್ಟಿನಾಗ ನಿಲ್ಲತದ, ನಿದ್ದಿ ಹತ್ತಿದ್ರ ಹೋತು. ಇನ್ನ ಏನೂ ಬರಿಯೂದಿಲ್ಲ."

ಇನ್ನೊಂದು ಸಾಕೆಟ್ ಹಾಕಬಹುದಲ್ಲ ಎಂದು ಗುರುಪಾದ ಕೇಳಿದ. ಒಮ್ಮೆ ಸುಟ್ಟ ನರದ ಮೇಲೆ ಇನ್ನೊಂದು ಸಾಕೆಟ್ ಕೂರುವುದಿಲ್ಲವೆಂದು ರೋಗಿಗಳ ಮನೆಯವರಿಗೆ ಎಷ್ಟೋ ಸಲ ತಾನೇ ಹೇಳಿದ್ದರೂ ಕೇಳಿದ. ಡಾಕ್ಟರು ಅವನ ಭುಜದ ಮೇಲೆ ಕೈಯಿಟ್ಟರು. ಅವನು ಹೊರಗೆ ಬಂದು ಫೋನುಗಳ ಕೋಣೆಯಲ್ಲಿ ಕೂತ. ಒಂದು ಫೋನು ರಿಂಗಾಗುತ್ತಲೇ ಇತ್ತು. ಯಾರಿಗೆ ಏನು ಹೇಳಲಿ, ಯಾವ ಬಾಯಲ್ಲಿ ಹೇಳಲಿ ಎಂದು ಅದನ್ನು ಎತ್ತದೆ ಬಿಟ್ಟ. ಅವತ್ತಿನಿಂದ ಅವನು ಆ ಕುರ್ಚಿಯಲ್ಲಿ ಕೂರಲಿಲ್ಲ, ಕೆಲಸವನ್ನು ಉಗ್ರಾಣಕ್ಕೆ ಹಾಕಿಸಿಕೊಂಡ.

ಮೊದಮೊದಲು ಅವಳಿಗೆ ನಿಜವನ್ನೇ ಹೇಳಿದರು. ಮದುವೆಯ ಫೋಟೋ ತೋರಿಸಿದರು. ಅವಳು ಫೋಟೋ ನೋಡಿದಳು, ಕನ್ನಡಿ ನೋಡಿದಳು, ಅಪ್ಪ ಸತ್ತನೆಂದು ಕೇಳಿ ಎದೆ ಬಡಿದುಕೊಂಡು ಅತ್ತಳು. ಅಳು ನಿಂತು, ನಂಬಿಕೆ ಬಂದು, ಕೂಸನ್ನು ಅಂಜುತ್ತಾ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗುತ್ತಿತ್ತು. ಒಂದು ಸಣ್ಣ ಜೊಂಪು ಹತ್ತಿದರೆ ಎಲ್ಲ ಅಳಿಸಿಹೋಗಿ ಮತ್ತೆ ಮೊದಲಿನಿಂದ ಅಪ್ಪ ಸಾಯಬೇಕು. ಒಂದು ದಿನ ನಡುಬೀದಿಗೆ ಓಡಿ ಹೋಗಿ, ತನ್ನನ್ನು ಕೆಡಿಸಿದ್ದಾರೆಂದು ಕಂಡವರ ಕಾಲು ಹಿಡಿದಳು. ಆ ದಿನ ಕೂಸಿಗೆ ಹಾಲು ಸಿಕ್ಕಿದ್ದು ಸಂಜೆಗೆ. ಡಬ್ಬದ ಹಾಲು ಯಾವ ಕಂಪನಿಯದಾದರೂ ಅದರ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

ಉಪಾಯ ಹುಡುಕಿದವಳು ಬಸಲಿಂಗವ್ವ. ತನ್ನ ಕೈಯಾರೆ ಇಟ್ಟ ಕೆಂಡವನ್ನು ನೆನೆದು ಹಾಸಿಗೆ ಹಿಡಿಯುವಂತಾಗಿದ್ದವಳು, ಕೂಸಿಗಾಗಿ ಎದ್ದಳು. ತಲೆಗೆ ಬಣ್ಣ ಹಚ್ಚಿಕೊಂಡಳು, ಹಣೆಗೆ ಕುಂಕುಮ ಇಟ್ಟುಕೊಂಡಳು. ಗಂಡ ಸತ್ತವಳು ಮಗಳ ಸಲುವಾಗಿ ದಿನಾ ಮುತ್ತೈದೆಯಾದಳು. ಮನೆಯ ನಡುಕೋಣೆಗೆ ಕೇಂದ್ರದ ಹಸಿರು ಪರದೆ ಕಟ್ಟಿದರು. ಶಿವಲೀಲಾ ಕಣ್ಣು ಬಿಟ್ಟರೆ ಡಬ್ಬಿ ಹಚ್ಚಿದ ದಿನವೇ ಮುಂದುವರಿದಿರಬೇಕು. ಅಪ್ಪ ಚಹಾ ಕುಡಿಯಲು ಹೋಗಿದ್ದಾನೆ. ಜ್ವರದಿಂದ ಮೈ ಇಳಿದು ಹೊಟ್ಟೆ ಸಡಿಲಾಗಿದೆ. ಡಬ್ಬಿ ಹಚ್ಚುವಾಗ ಕೊಟ್ಟ ಔಷಧಕ್ಕೆ ಕೆಲವರಿಗೆ ಎದೆಯಲ್ಲಿ ಹಾಲು ಬರುತ್ತದೆ, ಹೆದರುವಂಥದ್ದಲ್ಲ, ಹಾಲಿಲ್ಲದೆ ಅಳುವ ಯಾವುದಾದರೂ ಕೂಸಿಗೆ ಕುಡಿಸಿದರೆ ಪುಣ್ಯ. ಇದನ್ನು ಗುರುಪಾದನೇ ಹೇಳಬೇಕಾಗಿತ್ತು, ಏಕೆಂದರೆ ಅವಳು ನಂಬುತ್ತಿದ್ದದ್ದು ಅವನನ್ನು. ಗಂಡನೆಂದರೆ ನಂಬುತ್ತಿರಲಿಲ್ಲ, ಸರ ಎಂದರೆ ನಂಬುತ್ತಿದ್ದಳು. ಹಾಗಾಗಿ ಅವನು ದಿನಾ ಬೆಳಗ್ಗೆ ತನ್ನ ಹೆಂಡತಿಯ ಎದುರು ಸರ ಆಗಿ ನಿಂತು ಸುಳ್ಳು ಹೇಳಿ, ತನ್ನ ಮಗಳಿಗೆ ಹಾಲು ಬೇಡುತ್ತಿದ್ದ.

ಅವಳು ಒಂದು ದಿನವೂ ಇಲ್ಲವೆನ್ನಲಿಲ್ಲ. ಮೊದಲು ನಾಚಿಕೊಂಡು ಅವ್ವನ ಮುಖ ನೋಡುವಳು, ಆಮೇಲೆ ಅವನಿಗೆ ಪರದೆಯಾಚೆ ಹೋಗಲು ಹೇಳಿ, ಅಯ್ಯ ಪಾಪ ತಗೊಂಡ ಬರ್ರಿ ಎಂದು ಕೈಚಾಚುವಳು. ಪರದೆಯಾಚೆ ನಿಂತು ಗುರುಪಾದ ಕೂಸು ಹಾಲು ಕುಡಿಯುವ ಸದ್ದು ಕೇಳುವನು. ಈ ಸದ್ದೊಂದಾದರೂ ನಿಜವಲ್ಲವೇ ಎಂದು ಆಮೇಲಾಮೇಲೆ ಅದನ್ನೇ ಹಿಡಿದುಕೊಂಡು ದಿನ ದೂಡತೊಡಗಿದ.

ಒಂದು ಬೆಳಗ್ಗೆ ಕೂಸು ಕುಡಿಯುತ್ತಲೇ ನಕ್ಕಿತು. ತಾಯಿಯ ಮುಖ ನೋಡಿ ಅದು ನಕ್ಕದ್ದು ಅದೇ ಮೊದಲು. ಶಿವಲೀಲಾ ಸೆರಗು ಸರಿಮಾಡಿಕೊಂಡು ಅವನನ್ನು ಒಳಗೆ ಕರೆದಳು. ಅವಳ ಮುಖದಲ್ಲಿ ಹಳೆಯ ಬೆಂಚಿನ ದಿನಗಳ ಕಳೆ ಇತ್ತು.

"ನೋಡ್ರಿ ಸರ, ನನ್ನ ಗುರುತ ಹಿಡದಂಗ ನಗತೈತಿ. ಇದರಪ್ಪ ಯಾರ್ರಿ?"

ಇಷ್ಟು ದಿನ ಅವಳು ಇದನ್ನು ಕೇಳಿರಲಿಲ್ಲ. ಅವನ ಬಳಿ ಇದಕ್ಕೆ ಸುಳ್ಳು ತಯಾರಿರಲಿಲ್ಲ.

"ನಾನ ರಿ," ಎಂದ.

ಅವಳು ಅವನನ್ನು ದಿಟ್ಟಿಸಿ ನೋಡಿದಳು. ಆ ನೋಟದಲ್ಲಿ ಹೆದರಿಕೆಯಿರಲಿಲ್ಲ, ಕನಿಕರವಿತ್ತು. "ಮತ್ತ ಇದರವ್ವ?"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಬಸಲಿಂಗವ್ವನ ಕೈ ನಿಂತಿತು. ಗುರುಪಾದ ಬಾಯಿ ತೆರೆದ. ಊರಿಗೆ ಹೋಗಿದ್ದಾಳೆ ಎನ್ನಬಹುದಿತ್ತು, ಆಸ್ಪತ್ರೆಯಲ್ಲಿದ್ದಾಳೆ ಎನ್ನಬಹುದಿತ್ತು. ನಾಳೆಗೆ ಅಳಿಸಿಹೋಗುವ ಮಾತು, ಏನು ಹೇಳಿದರೂ ನಡೆಯುತ್ತಿತ್ತು. ಆದರೆ ಇಷ್ಟು ದಿನ ಒಳಗೊಳಗೇ ತಡೆದಿಟ್ಟದ್ದು ಅವನ ಬಾಯಿಂದ ತಾನಾಗಿಯೇ ಬಂತು.

"ತೀರಕೊಂಡ್ಲು."

ಹೇಳಿದ ಮೇಲೆ ಅದು ನಿಜವೆಂದು ಅವನಿಗೆ ಗೊತ್ತಾಯಿತು. ಅವನು ಹಾಗೇ ನೆಲದ ಮೇಲೆ ಕುಸಿದು ಕೂತು, ಮುಖ ಮುಚ್ಚಿಕೊಂಡು, ಗಟ್ಟಿಯಾಗಿ ಅತ್ತ. ಕೆಂಡ ಕಂಡ ದಿನದಿಂದ ಈವರೆಗೆ ಅವನು ಒಮ್ಮೆಯೂ ಅತ್ತಿರಲಿಲ್ಲ. ಶಿವಲೀಲಾಳ ಕಣ್ಣಲ್ಲೂ ನೀರು ಬಂತು. ಯಾರೋ ಗೊತ್ತಿಲ್ಲದ ಹೆಂಗಸಿಗಾಗಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೆಂಗ ಇದ್ರು ರಿ ಅವರು?"

"ಭಾಳ ಮಾತಾಡತಿದ್ಲು."

ಅವಳು ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಅದರ ತಲೆ ಸವರಿದಳು. ಆಮೇಲೆ ಬಸ್ಸಿನಲ್ಲಿ ಮುದುಕರಿಗೆ ಸೀಟು ಕೊಡಿಸುತ್ತಿದ್ದ ದನಿಯಲ್ಲಿ ಹೇಳಿದಳು.

"ಅಳಬ್ಯಾಡ್ರಿ ಸರ. ನಾಳೆನೂ ಕರಕೊಂಡ ಬರ್ರಿ, ನಾಡದನೂ ಕರಕೊಂಡ ಬರ್ರಿ. ಇದು ದೊಡ್ಡಾಕಿ ಆಗೂ ತನಕ ನಾ ಹಾಲ ಕೊಡತೀನಿ. ಈಗ ನೀವು ಡಬ್ಬಿ ಹಚ್ಚೀರಿ, ಇನ್ನ ನಾ ಏನೂ ಮರಿಯಂಗಿಲ್ಲ."

ಆತ್ರಿ ಎಂದ ಗುರುಪಾದ. ಹಾಲು ಕುಡಿದು ಮಲಗಿದ ಕೂಸನ್ನು ಅವಳ ಕೈಯಿಂದ ಇಸಿದುಕೊಂಡು ಪರದೆಯಾಚೆ ಹೋದ.